ಬೌಲಿಂಗ್ ಸ್ಕೋರ್ ಲೆಕ್ಕ: ಪರದೆಯ ಖಾಲಿ ಚೌಕದಿಂದ 300ರವರೆಗೆ

ಮೊದಲ ಸಲ ಬೌಲಿಂಗ್ (ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಆಡಲು ಹೋದವರಿಗೆಲ್ಲ ಬರುವ ಅನುಮಾನ ಒಂದೇ. ಹತ್ತಕ್ಕೆ ಹತ್ತೂ ಪಿನ್ ಉರುಳಿಸಿಯೂ ಪರದೆಯಲ್ಲಿ ಅಂಕವೇ ಬರಲಿಲ್ಲವಲ್ಲ? ಪಕ್ಕದವರು ಏಳು ಪಿನ್ ಬೀಳಿಸಿದ್ದಕ್ಕೆ ಆಗಲೇ 7 ಬಂದಿದೆ! ಯಂತ್ರ ಕೆಟ್ಟಿಲ್ಲ. ಎಲ್ಲ ಪಿನ್ ಬೀಳಿಸಿದವರ ಅಂಕ ಅಲ್ಲಿಗೇ ಮುಗಿಯುವುದಿಲ್ಲ, ಮುಂದಿನ ಎಸೆತಗಳಿಂದ ಅವರಿಗೆ ಇನ್ನಷ್ಟು ಬರಬೇಕಿರುತ್ತದೆ. ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಬಾಕಿ ಸಂದಾಯವಾಗುವವರೆಗೆ ಆ ಚೌಕ ಖಾಲಿ ಇರುತ್ತದೆ. ಈ 'ಬಾಕಿ' ತಲೆಗೆ ಹೋದರೆ ಬೌಲಿಂಗ್ ಲೆಕ್ಕದ ಮುಕ್ಕಾಲು ಪಾಲು ಮುಗಿದಂತೆ.

ಈಗ ಎಲ್ಲ ಕಡೆ ಯಂತ್ರವೇ ಲೆಕ್ಕ ಹಾಕುತ್ತದೆ, ನಿಜ. ಆದರೂ ಕೈಲೆಕ್ಕ ಕಲಿಯುವುದರಿಂದ ಎರಡು ಲಾಭವಿದೆ: ಯಂತ್ರ ತಪ್ಪಿದಾಗ ತಕ್ಷಣ ತಿಳಿಯುತ್ತದೆ, ಕೊನೆಯ ಫ್ರೇಮಿನಲ್ಲಿ (ಅಂದರೆ ಕೊನೆಯ ಸರದಿಯಲ್ಲಿ) ಗೆಲ್ಲಲು ಎಷ್ಟು ಬೇಕು ಎಂಬುದು ಚೆಂಡು ಕೈಗೆತ್ತಿಕೊಳ್ಳುವ ಮೊದಲೇ ಗೊತ್ತಿರುತ್ತದೆ.

ಆಟದ ಅಳತೆ

ಫೌಲ್ ಲೈನಿನಿಂದ (ಎಸೆಯುವವರು ದಾಟಬಾರದ ಗೆರೆ) ಮೊದಲ ಪಿನ್‌ವರೆಗೆ 60 ಅಡಿ. ಅಲ್ಲಿ ಹತ್ತು ಪಿನ್‌ಗಳು ತ್ರಿಕೋನವಾಗಿ ನಿಂತಿರುತ್ತವೆ. ಪ್ರತಿ ಪಿನ್ 15 ಇಂಚು ಎತ್ತರ. ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 12 ಇಂಚು. ನಮಗೆ ಎದುರಾಗಿ ತುದಿಯಲ್ಲಿರುವುದು 1ನೇ ಪಿನ್, ಇದನ್ನು ಹೆಡ್‌ಪಿನ್ ಎನ್ನುತ್ತಾರೆ. ಅದರ ಹಿಂದೆ ಎಡದಿಂದ ಬಲಕ್ಕೆ 2–3, ಆಮೇಲೆ 4–5–6, ಕೊನೆಯ ಸಾಲಿನಲ್ಲಿ 7–8–9–10. ಈ ಸಂಖ್ಯೆಗಳು ಪಿನ್‌ಗಳ ಹೆಸರು ಮಾತ್ರ. ಯಾವ ಪಿನ್ ಬಿದ್ದರೂ ಅಂಕ ಒಂದೇ. 10ನೇ ಪಿನ್ ಬೀಳಿಸಿದರೆ ಹತ್ತು ಅಂಕ ಎಂದುಕೊಳ್ಳುವವರೂ ಇದ್ದಾರೆ, ಹಾಗೇನಿಲ್ಲ.

ಒಂದು ಆಟಕ್ಕೆ ಹತ್ತು ಫ್ರೇಮ್. ಒಂದು ಫ್ರೇಮಿಗೆ ಹೆಚ್ಚೆಂದರೆ ಎರಡು ಎಸೆತ, ಹತ್ತನೆಯದಕ್ಕೆ ಮಾತ್ರ ಮೂರು ಸಿಗಬಹುದು. ಮೊದಲ ಎಸೆತಕ್ಕೇ ಹತ್ತೂ ಬಿದ್ದರೆ ಸ್ಟ್ರೈಕ್, ಆ ಫ್ರೇಮಿನಲ್ಲಿ ಎರಡನೇ ಎಸೆತ ಇರುವುದಿಲ್ಲ. ಎರಡು ಎಸೆತ ಸೇರಿ ಹತ್ತೂ ಬಿದ್ದರೆ ಸ್ಪೇರ್. ಎರಡೂ ಮುಗಿದು ಒಂದಾದರೂ ಪಿನ್ ನಿಂತಿದ್ದರೆ ಅದು ಓಪನ್ ಫ್ರೇಮ್.

ಪರದೆಯ ಗುರುತುಗಳು ಹೀಗಿರುತ್ತವೆ. ಸ್ಟ್ರೈಕಿಗೆ ×, ಸ್ಪೇರಿಗೆ /, ಒಂದೂ ಬೀಳದಿದ್ದರೆ –. ಫೌಲ್ ಆದರೆ 'ಎಫ್' ಅಕ್ಷರ. ಮೊದಲ ಎಸೆತದ ಅಂಕಿಯ ಸುತ್ತ ವೃತ್ತವಿದ್ದರೆ ಅಥವಾ ಅದರ ಬಣ್ಣ ಬೇರೆಯಾಗಿದ್ದರೆ ಅದು ಸ್ಪ್ಲಿಟ್. ಅಂದರೆ ಹೆಡ್‌ಪಿನ್ ಬಿದ್ದಿದೆ, ಉಳಿದ ಪಿನ್‌ಗಳ ನಡುವೆ ತೆರಪು ಬಿಟ್ಟಿದೆ. 7–10, 4–6, 4–7–10 ಇವೆಲ್ಲ ಸ್ಪ್ಲಿಟ್. ಹೆಡ್‌ಪಿನ್ ನಿಂತಿದ್ದರೆ ಎಷ್ಟೇ ತೆರಪಿದ್ದರೂ ಸ್ಪ್ಲಿಟ್ ಅಲ್ಲ. ಈ ಗುರುತಿನಿಂದ ಅಂಕ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆ ಎಸೆತ ಎಷ್ಟು ಕಷ್ಟದ್ದಾಗಿತ್ತು ಎಂಬ ದಾಖಲೆ, ಅಷ್ಟೇ.

ಮೂರೇ ನಿಯಮ

ಓಪನ್ ಫ್ರೇಮ್: ಬಿದ್ದ ಪಿನ್‌ಗಳೇ ಅಂಕ. ಬಾಕಿ ಏನೂ ಇಲ್ಲ, ತಕ್ಷಣ ಬರೆಯಬಹುದು.

ಸ್ಪೇರ್: 10, ಜೊತೆಗೆ ಮುಂದಿನ ಒಂದು ಎಸೆತದ ಪಿನ್.

ಸ್ಟ್ರೈಕ್: 10, ಜೊತೆಗೆ ಮುಂದಿನ ಎರಡು ಎಸೆತಗಳ ಪಿನ್.

ಗಮನಿಸಬೇಕಾದ ಮಾತು 'ಎಸೆತ'. ಮುಂದಿನ ಎರಡು ಫ್ರೇಮ್ ಅಲ್ಲ, ಮುಂದಿನ ಎರಡು ಎಸೆತ. ಕೈಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಮುಂದಿನ ಎರಡು ಎಸೆತ ಕೆಲವೊಮ್ಮೆ ಒಂದೇ ಫ್ರೇಮಿನಲ್ಲಿ ಮುಗಿಯುತ್ತವೆ (7 ಮತ್ತು 2), ಕೆಲವೊಮ್ಮೆ ಎರಡು ಫ್ರೇಮಿಗೆ ಹರಡುತ್ತವೆ (ಒಂದು ಸ್ಟ್ರೈಕ್, ಅದರ ಮುಂದಿನ ಫ್ರೇಮಿನ ಮೊದಲ ಎಸೆತ). ಚೌಕಗಳನ್ನು ನೋಡಬೇಡಿ, ಚೆಂಡುಗಳನ್ನು ಎಣಿಸಿ.

ಪ್ರತಿ ಫ್ರೇಮಿನ ಕೆಳಗೆ ಬರೆಯುವುದು ಆ ಫ್ರೇಮಿನ ಅಂಕವಲ್ಲ, ಅಲ್ಲಿಯವರೆಗಿನ ಒಟ್ಟು ಮೊತ್ತ. ಆದ್ದರಿಂದ ಹಿಂದಿನ ಚೌಕ ತುಂಬದೆ ಮುಂದಿನದನ್ನು ತುಂಬುವ ಹಾಗಿಲ್ಲ.

ಒಂದು ಪೂರ್ತಿ ಆಟ ಬರೆಯೋಣ

ಹಾಳೆಯ ಮೇಲೆ ಹತ್ತು ಚೌಕ ಎಳೆದುಕೊಳ್ಳಿ. ಪ್ರತಿಯೊಂದರ ಮೇಲಿನ ಬಲ ಮೂಲೆಯಲ್ಲಿ ಎರಡು ಚಿಕ್ಕ ಮನೆ, ಹತ್ತನೆಯದಕ್ಕೆ ಮೂರು. ನಮ್ಮ ಆಟದ ಎಸೆತಗಳು ಹೀಗಿವೆ:

1) 7 2
2) 8 /
3) ×
4) ×
5) 9 –
6) 7 /
7) – /
8) ×
9) 7 2 (7ಕ್ಕೆ ವೃತ್ತ, ಉಳಿದದ್ದು 4–7–10)
10) 9 / ×

ಫ್ರೇಮ್ 1. ಓಪನ್. 7+2=9. ಒಟ್ಟು 9.

ಫ್ರೇಮ್ 2. ಸ್ಪೇರ್. ಚೌಕ ಖಾಲಿ ಬಿಡಿ. ಮೂರನೇ ಫ್ರೇಮಿನ ಮೊದಲ ಎಸೆತಕ್ಕೆ ಹತ್ತೂ ಬಿದ್ದವು, 10+10=20. ಒಟ್ಟು 29.

ಫ್ರೇಮ್ 3. ಸ್ಟ್ರೈಕ್. ಎರಡು ಎಸೆತ ಬಾಕಿ. ಮೊದಲನೆಯದು ನಾಲ್ಕನೇ ಫ್ರೇಮಿನ ಸ್ಟ್ರೈಕ್ (10), ಎರಡನೆಯದು ಐದನೇ ಫ್ರೇಮಿನ 9. ಆದ್ದರಿಂದ 10+10+9=29. ಒಟ್ಟು 58. ಐದನೇ ಫ್ರೇಮಿನ ಮೊದಲ ಚೆಂಡು ಉರುಳುವವರೆಗೆ ಈ ಚೌಕ ಖಾಲಿಯೇ.

ಫ್ರೇಮ್ 4. ಸ್ಟ್ರೈಕ್. ಮುಂದಿನ ಎರಡು ಎಸೆತ 9 ಮತ್ತು 0. ಹತ್ತೊಂಬತ್ತು. ಒಟ್ಟು 77.

ಫ್ರೇಮ್ 5. ಓಪನ್. 9. ಒಟ್ಟು 86.

ಇಲ್ಲಿ ಒಂದು ನಿಮಿಷ ನಿಲ್ಲಿ. ಐದನೇ ಫ್ರೇಮಿನ ಆ ಒಂದು 9 ಮೂರು ಸಲ ಲೆಕ್ಕಕ್ಕೆ ಬಂದಿದೆ: ಮೂರನೇ ಫ್ರೇಮಿಗೆ, ನಾಲ್ಕನೇ ಫ್ರೇಮಿಗೆ, ತನ್ನದೇ ಫ್ರೇಮಿಗೆ. ಒಂದೇ ಎಸೆತಕ್ಕೆ 27 ಅಂಕ. ಎರಡು ಸ್ಟ್ರೈಕ್ ಸಾಲಾಗಿ ಬಿದ್ದ ಮೇಲೆ ಎಸೆಯುವ ಚೆಂಡಿನ ಒಂದೊಂದು ಪಿನ್‌ಗೂ ಮೂರು ಅಂಕದ ಬೆಲೆ. ಅಲ್ಲಿ ಚೆಂಡನ್ನು ಗಟರಿಗೆ (ಚೆಂಡು ಉರುಳುವ ಹಾದಿಯ ಪಕ್ಕದ ಕಾಲುವೆಗೆ) ಬಿಟ್ಟವರ ಮುಖ ಯಾಕೆ ಹಾಗಾಗುತ್ತದೆ ಎಂಬುದು ಈಗ ಅರ್ಥವಾದೀತು.

ಫ್ರೇಮ್ 6. ಸ್ಪೇರ್. ಮುಂದಿನ ಎಸೆತ ಗಟರಿಗೆ ಹೋಗಿ ಸೊನ್ನೆ. 10+0=10. ಒಟ್ಟು 96.

ಫ್ರೇಮ್ 7. ಮೊದಲ ಎಸೆತ ಸೊನ್ನೆ, ಎರಡನೆಯದಕ್ಕೆ ಹತ್ತೂ. ಇದು ಸ್ಟ್ರೈಕ್ ಅಲ್ಲ, ಸ್ಪೇರ್. ಹತ್ತೂ ಒಂದೇ ಚೆಂಡಿಗೆ ಬಿದ್ದವಲ್ಲ ಎಂಬ ವಾದ ನಡೆಯುವುದಿಲ್ಲ. ಆ ಫ್ರೇಮಿನ ಮೊದಲ ಎಸೆತಕ್ಕೆ ಬಿದ್ದರೆ ಮಾತ್ರ ಸ್ಟ್ರೈಕ್. ಬಾಕಿ ಒಂದೇ ಎಸೆತ, ಅದು ಎಂಟನೇ ಫ್ರೇಮಿನ ಸ್ಟ್ರೈಕ್. 20. ಒಟ್ಟು 116.

ಫ್ರೇಮ್ 8. ಸ್ಟ್ರೈಕ್. 10+7+2=19. ಒಟ್ಟು 135.

ಫ್ರೇಮ್ 9. ಓಪನ್. 9. ಒಟ್ಟು 144.

ಫ್ರೇಮ್ 10. 9, 1, 10. ಒಟ್ಟು 20. ಆಟದ ಮೊತ್ತ 164.

ಬರೆದಾದ ಮೇಲೆ ತಾಳೆ ನೋಡುವ ಒಂದು ಉಪಾಯವಿದೆ. ಬಿದ್ದ ಪಿನ್‌ಗಳನ್ನೆಲ್ಲ ಒಮ್ಮೆ ಕೂಡಿ: ಇಲ್ಲಿ 107. ಬೋನಸ್ಸುಗಳನ್ನು (ಬಾಕಿಯಾಗಿ ಬಂದು ಸೇರಿದ ಅಂಕಗಳನ್ನು) ಬೇರೆಯಾಗಿ ಕೂಡಿ: 10, 19, 9, 0, 10, 9, ಒಟ್ಟು 57. ಎರಡೂ ಸೇರಿದರೆ 164. ಎರಡು ದಾರಿಯ ಮೊತ್ತ ಒಂದೇ ಬರದಿದ್ದರೆ ತಪ್ಪು ಹೆಚ್ಚಾಗಿ ಸ್ಟ್ರೈಕ್ ಮೇಲೆ ಸ್ಟ್ರೈಕ್ ಬಂದ ಜಾಗದಲ್ಲಿರುತ್ತದೆ, ಮೊದಲು ಅಲ್ಲೇ ಹುಡುಕಿ.

ಹತ್ತನೇ ಫ್ರೇಮ್

ಅತಿ ಹೆಚ್ಚು ಗೊಂದಲ ಇಲ್ಲೇ. ಹತ್ತನೆಯದರ ನಂತರ ಫ್ರೇಮ್ ಇಲ್ಲ, ಹಾಗಾದರೆ ಅಲ್ಲಿನ ಸ್ಟ್ರೈಕ್, ಸ್ಪೇರ್‌ಗಳ ಬಾಕಿ ತೀರುವುದು ಹೇಗೆ? ಅದಕ್ಕಾಗಿ ಅದೇ ಫ್ರೇಮಿನಲ್ಲಿ ಹೆಚ್ಚುವರಿ ಎಸೆತ ಕೊಡುತ್ತಾರೆ. ಮೊದಲ ಎಸೆತ ಸ್ಟ್ರೈಕ್ ಆದರೆ ಇನ್ನೆರಡು, ಎರಡು ಎಸೆತದಲ್ಲಿ ಸ್ಪೇರ್ ಆದರೆ ಇನ್ನೊಂದು, ಓಪನ್ ಆದರೆ ಏನೂ ಇಲ್ಲ.

ಲೆಕ್ಕ ಮಾತ್ರ ಬೇರೆಲ್ಲ ಫ್ರೇಮಿಗಿಂತ ಸುಲಭ: ಬಿದ್ದಷ್ಟನ್ನು ಕೂಡಿ, ಮುಗಿಯಿತು.

× × × ಬಂದರೆ 30. × 7 / ಬಂದರೆ 20. × 7 2 ಬಂದರೆ 19. 9 / 8 ಬಂದರೆ 18. 8 1 ಬಂದರೆ 9, ಮೂರನೇ ಎಸೆತ ಇಲ್ಲ. × ಆದ ಮೇಲೆ ಸೊನ್ನೆ, ಆಮೇಲೆ ಹತ್ತು ಬಿದ್ದರೆ × – / ಎಂದು ಬರೆಯಬೇಕು, ಅಂಕ 20.

ಇಲ್ಲಿ ಆಗುವ ತಪ್ಪು ಎಂದರೆ ಬೋನಸ್ಸನ್ನು ಎರಡು ಸಲ ಹಾಕುವುದು. × × 8 ಅಂದರೆ 28. ಮೊದಲ ಸ್ಟ್ರೈಕಿಗೆ 28, ಎರಡನೆಯದಕ್ಕೆ ಮತ್ತೆ 18 ಎಂದು ಕೂಡಿ 46 ಮಾಡುವವರಿದ್ದಾರೆ. ಹೆಚ್ಚುವರಿ ಎಸೆತಗಳು ಬಂದದ್ದೇ ಮೊದಲ ಸ್ಟ್ರೈಕಿನ ಬಾಕಿ ತೀರಿಸಲು. ಅವಕ್ಕೆ ತಮ್ಮದೇ ಆದ ಬೋನಸ್ ಇಲ್ಲ.

ಹಾಗೆಂದು ಹತ್ತರ ಎಸೆತಗಳು ಹಿಂದಿನ ಫ್ರೇಮುಗಳ ಬಾಕಿಗೆ ಬರುವುದಿಲ್ಲವೆಂದಲ್ಲ. ಒಂಬತ್ತರಲ್ಲಿ ಸ್ಟ್ರೈಕ್ ಇದ್ದರೆ ಹತ್ತರ ಮೊದಲೆರಡು ಎಸೆತಗಳು ಅದಕ್ಕೂ ಸೇರುತ್ತವೆ. ಒಂಬತ್ತರಲ್ಲಿ ಸ್ಪೇರ್ ಇದ್ದರೆ ಮೊದಲನೆಯದು ಮಾತ್ರ. ಎಂಟು, ಒಂಬತ್ತು ಎರಡರಲ್ಲೂ ಸ್ಟ್ರೈಕ್ ಇದ್ದರೆ ಹತ್ತರ ಮೊದಲ ಎಸೆತ ಎಂಟಕ್ಕೂ ಹೋಗುತ್ತದೆ. ಹತ್ತರ ಮೂರನೇ ಎಸೆತ ಯಾವ ಹಿಂದಿನ ಫ್ರೇಮಿಗೂ ಹೋಗುವುದಿಲ್ಲ.

300 ಎಂಬ ಗರಿಷ್ಠ ಅಂಕದ ಗುಟ್ಟೂ ಇಷ್ಟೇ. ಹತ್ತು ಫ್ರೇಮಿನ ಹತ್ತು ಸ್ಟ್ರೈಕ್, ಹೆಚ್ಚುವರಿ ಎರಡು, ಒಟ್ಟು ಹನ್ನೆರಡು ಸ್ಟ್ರೈಕ್. ಪ್ರತಿ ಫ್ರೇಮಿಗೂ 30. ಹನ್ನೊಂದು ಸ್ಟ್ರೈಕ್ ಆಗಿ ಕೊನೆಯ ಚೆಂಡಿಗೆ ಒಂಬತ್ತೇ ಬಿದ್ದರೆ 299. ಅದೇ ಒಂದು ಪಿನ್ ಮೊದಲ ಫ್ರೇಮಿನಲ್ಲಿ ಉಳಿದು, ಅದನ್ನು ಸ್ಪೇರ್ ಮಾಡಿ, ಆಮೇಲೆ ಹನ್ನೊಂದೂ ಸ್ಟ್ರೈಕ್ ಆದರೆ 290. ಮೊದಲ ಫ್ರೇಮಿನ ಆ ಪಿನ್ನನ್ನು ಎರಡನೇ ಎಸೆತಕ್ಕೂ ಬೀಳಿಸದೆ ಬಿಟ್ಟರೆ 279.

ಯಾವ ಪಿನ್ ಲೆಕ್ಕಕ್ಕೆ, ಯಾವುದು ಅಲ್ಲ

ಚೆಂಡು ಹೊಡೆದು ಬಿದ್ದದ್ದು, ಬಿದ್ದ ಪಿನ್ ಉರುಳಿ ಬೀಳಿಸಿದ್ದು, ಪಕ್ಕದ ಗೋಡೆಗೋ ಹಿಂದಿನ ಪರದೆಗೋ ಬಡಿದು ವಾಪಸ್ ಬಂದ ಪಿನ್ ಬೀಳಿಸಿದ್ದು, ಎಲ್ಲವೂ ಲೆಕ್ಕಕ್ಕೆ. ಪಕ್ಕದ ಗೋಡೆಗೆ ಒರಗಿ ನಿಂತ ಪಿನ್ ಬಿದ್ದ ಹಾಗೆಯೇ.

ಆದರೆ ಚೆಂಡು ಮೊದಲು ಗಟರಿಗೆ ಇಳಿದು, ಅಲ್ಲಿಂದ ಹಾರಿ ಪಿನ್‌ಗೆ ಬಡಿದರೆ ಸೊನ್ನೆ. ಚೆಂಡು ಹಿಂದಿನ ಮೆತ್ತೆಗೆ ಬಡಿದು ವಾಪಸ್ ಬಂದು ಬೀಳಿಸಿದ ಪಿನ್ ಕೂಡ ಲೆಕ್ಕಕ್ಕಿಲ್ಲ. ಪಿನ್ ಜೋಡಿಸುವ ಯಂತ್ರವೇ ತಾಗಿ ಬೀಳಿಸಿದರೆ ಅದನ್ನು ಮತ್ತೆ ನಿಲ್ಲಿಸಬೇಕು. ಜಾಗ ಬಿಟ್ಟು ಸರಿದರೂ ನಿಂತೇ ಇರುವ ಪಿನ್ ನಿಂತ ಲೆಕ್ಕ. ಎರಡನೇ ಎಸೆತ ಅದು ಇದ್ದಲ್ಲಿಗೇ.

ಫೌಲ್ ಲೈನಿನ ವಿಷಯದಲ್ಲಿ ಎಚ್ಚರ ಬೇಕು. ಎಸೆಯುವಾಗಲೋ ಎಸೆದ ಮೇಲೋ ಕಾಲು, ಕೈ ಯಾವುದೇ ಅಂಗ ಗೆರೆಯನ್ನು ದಾಟಿ ಲೇನನ್ನು (ಚೆಂಡು ಉರುಳುವ ಹಾದಿಯನ್ನು) ಮುಟ್ಟಿದರೆ ಫೌಲ್. ಬಿದ್ದ ಪಿನ್‌ಗಳಿಗೆ ಅಂಕವಿಲ್ಲ, ಎಸೆತ ಮಾತ್ರ ಖರ್ಚಾಯಿತು. ಮೊದಲ ಎಸೆತಕ್ಕೆ ಫೌಲ್ ಆದರೆ ಹತ್ತೂ ಪಿನ್ ಮತ್ತೆ ನಿಲ್ಲಿಸುತ್ತಾರೆ; ಎರಡನೆಯದಕ್ಕೆ ಹತ್ತೂ ಬಿದ್ದರೆ ಸ್ಪೇರ್, ಎಂಟು ಬಿದ್ದರೆ ಆ ಫ್ರೇಮಿಗೆ 8. ಎರಡನೇ ಎಸೆತಕ್ಕೆ ಫೌಲ್ ಆದರೆ ಮೊದಲನೆಯದರ ಅಂಕವಷ್ಟೇ ಉಳಿಯುತ್ತದೆ. ಮೋಜಿಗೆ ಆಡುವ ಕೇಂದ್ರಗಳಲ್ಲಿ ಫೌಲ್ ಪತ್ತೆ ಹಚ್ಚುವ ಬೆಳಕಿನ ಕಿರಣವನ್ನು ಆರಿಸಿರುವುದುಂಟು. ಅದನ್ನೇ ಅಭ್ಯಾಸ ಮಾಡಿಕೊಂಡವರು ಮೊದಲ ಸ್ಪರ್ಧೆಯಲ್ಲಿ ಪೆಟ್ಟು ತಿನ್ನುತ್ತಾರೆ. ಇನ್ನೊಂದು ಕಾರಣವೂ ಇದೆ: ಗೆರೆಯ ಆಚೆ ಲೇನಿಗೆ ಎಣ್ಣೆ ಬಳಿದಿರುತ್ತದೆ, ಕಾಲಿಟ್ಟರೆ ಜಾರುವುದು ಖಂಡಿತ.

ಯಂತ್ರ ತಪ್ಪಿದಾಗ

ನಿಂತ ಪಿನ್‌ಗಳನ್ನು ಎಣಿಸುವುದು ಸಾಮಾನ್ಯವಾಗಿ ಕ್ಯಾಮೆರಾ. ಸರಿದು ನಿಂತ ಪಿನ್, ಇನ್ನೂ ಅಲುಗಾಡುತ್ತಿರುವ ಪಿನ್, ಲೇನಿನ ಮೇಲೆ ಬಿದ್ದುಕೊಂಡಿರುವ ಪಿನ್ ಅದನ್ನು ದಾರಿ ತಪ್ಪಿಸಬಲ್ಲವು. ಎಸೆದ ಮೇಲೆ ಬೆನ್ನು ತಿರುಗಿಸಬೇಡಿ. ಎಷ್ಟು ನಿಂತಿವೆ ಎಂದು ಕಣ್ಣಲ್ಲೇ ಎಣಿಸಿ, ಪರದೆಯ ಅಂಕಿಯೊಂದಿಗೆ ಹೋಲಿಸಿ. ತಪ್ಪಿದ್ದರೆ ಮುಂದಿನ ಚೆಂಡು ಎಸೆಯುವ ಮೊದಲೇ ಸಿಬ್ಬಂದಿಗೆ ಹೇಳಿ, ಇಲ್ಲವೇ ಮೇಜಿನ ಯಂತ್ರದಲ್ಲಿ ಅಂಕ ತಿದ್ದುವ ಗುಂಡಿ ಇದ್ದರೆ ಆ ಎಸೆತವನ್ನು ತಿದ್ದಿ. ತಿದ್ದುವಾಗ ಪಿನ್‌ಗಳ ಸಂಖ್ಯೆಯನ್ನಷ್ಟೇ ಬದಲಿಸಿದರೆ ಸಾಕು, ಒಟ್ಟು ಮೊತ್ತವನ್ನು ಅದೇ ಮತ್ತೆ ಕೂಡಿಕೊಳ್ಳುತ್ತದೆ.

ಯಂತ್ರದ ತಪ್ಪಿಗಿಂತ ಆಟಗಾರರ ತಪ್ಪೇ ಹೆಚ್ಚು. ಪರದೆಯಲ್ಲಿ ಒಬ್ಬರ ಹೆಸರು ಮಿನುಗುತ್ತಿರುವಾಗ ಇನ್ನೊಬ್ಬರು ಎಸೆದರೆ ಅಂಕ ಮಿನುಗುತ್ತಿರುವವರ ಖಾತೆಗೇ. ಸ್ಪರ್ಧೆಯಲ್ಲಾದರೆ ಸರದಿ ತಪ್ಪಿ ಎಸೆದ ಚೆಂಡು ಲೆಕ್ಕಕ್ಕಿಲ್ಲ. ಪಿನ್ ಮತ್ತೆ ನಿಲ್ಲಿಸಿ ಸರಿಯಾದವರಿಂದ ಎಸೆಸುತ್ತಾರೆ.

ಅಂಕ ನಿಜವಾಗಿ ಬರುವುದು ಎಲ್ಲಿಂದ

ಹೊಸಬರು ಸ್ಟ್ರೈಕಿನ ಹಿಂದೆ ಬೀಳುತ್ತಾರೆ. ಅಂಕದ ಲೆಕ್ಕ ಬೇರೆಯೇ ಹೇಳುತ್ತದೆ.

ಹತ್ತೂ ಫ್ರೇಮಿನಲ್ಲಿ ಮೊದಲ ಎಸೆತಕ್ಕೆ 9 ಬೀಳಿಸಿ, ಉಳಿದ ಒಂದನ್ನು ಪ್ರತಿ ಸಲ ತಪ್ಪಿಸಿಕೊಂಡವರ ಅಂಕ 90. ಅದೇ 9 ಬೀಳಿಸಿ, ಉಳಿದ ಒಂದನ್ನು ಪ್ರತಿ ಸಲ ಹೊಡೆದು, ಕೊನೆಯ ಹೆಚ್ಚುವರಿ ಎಸೆತಕ್ಕೂ 9 ಬೀಳಿಸಿದವರ ಅಂಕ 190. ಒಂದೂ ಸ್ಟ್ರೈಕ್ ಇಲ್ಲ! ಎರಡನೇ ಎಸೆತದ ಹತ್ತು ಪಿನ್‌ಗಳಿಂದ ನೂರು ಅಂಕದ ಅಂತರ. ಸ್ಟ್ರೈಕ್ ಆದ ಮೇಲಿನ ಫ್ರೇಮಿನಲ್ಲಿ ಪೆಟ್ಟು ಇನ್ನೂ ಸ್ವಲ್ಪ ಹೆಚ್ಚು. × ಆಮೇಲೆ 9 – ಬಂದರೆ ಎರಡು ಫ್ರೇಮಿಗೆ 19+9=28. × ಆಮೇಲೆ 9 / ಬಂದು, ಮುಂದಿನ ಎಸೆತ 9 ಆದರೆ 20+19=39. ಬಿಟ್ಟದ್ದು ಒಂದು ಪಿನ್, ಹೋದದ್ದು 11 ಅಂಕ.

ಸ್ಟ್ರೈಕುಗಳ ಮಟ್ಟಿಗೆ ಹೇಳುವುದಾದರೆ, ಎಷ್ಟು ಬಂದವು ಎಂಬುದರಷ್ಟೇ ಮುಖ್ಯ ಅವು ಅಕ್ಕಪಕ್ಕ ಬಂದವೇ ಎಂಬುದು. ಆರು ಫ್ರೇಮಿನಲ್ಲಿ ಮೂರು ಸ್ಟ್ರೈಕ್, ಮೂರು '9 –' ಎಂದುಕೊಳ್ಳಿ. ಒಂದು ಬಿಟ್ಟು ಒಂದು ಬಂದರೆ 84. ಮೂರೂ ಸಾಲಾಗಿ ಮೊದಲೇ ಬಂದರೆ 30+29+19+9+9+9, ಅಂದರೆ 105. ಬಿದ್ದ ಪಿನ್‌ಗಳಲ್ಲಿ ಒಂದೂ ವ್ಯತ್ಯಾಸವಿಲ್ಲ. ಸಾಲಾಗಿ ಎರಡು ಸ್ಟ್ರೈಕಿಗೆ ಡಬಲ್, ಮೂರಕ್ಕೆ ಟರ್ಕಿ ಎಂಬ ಹೆಸರಿದೆ. ಸ್ಟ್ರೈಕ್, ಸ್ಪೇರ್, ಸ್ಟ್ರೈಕ್, ಸ್ಪೇರ್ ಎಂದು ಕೊನೆವರೆಗೂ ಒಂದಾದ ಮೇಲೊಂದು ಬಂದರೆ ಪ್ರತಿ ಫ್ರೇಮಿಗೂ ಸರಿಯಾಗಿ 20, ಒಟ್ಟು 200. ಇದನ್ನು ಡಚ್ 200 ಎನ್ನುತ್ತಾರೆ. ನೋಡಲು ಚೆಂದ, ಆಡುವವರಿಗೆ ಮಾತ್ರ ಡಬಲ್ ಒಂದೂ ಸಿಗಲಿಲ್ಲವಲ್ಲ ಎಂಬ ಕೊರಗು.

ಗೆಲ್ಲಲು ಎಷ್ಟು ಬೇಕು?

ಎದುರಾಳಿ 180ಕ್ಕೆ ಮುಗಿಸಿದ್ದಾರೆ. ನಿಮಗೆ ಎಂಟನೇ ಫ್ರೇಮಿನ ಕೊನೆಗೆ 135, ಒಂಬತ್ತರಲ್ಲಿ ಸ್ಪೇರ್, ಹತ್ತನೆಯದು ಬಾಕಿ. ಗೆಲ್ಲಲು 181 ಬೇಕು.

ಮೊದಲ ಎಸೆತಕ್ಕೆ 9 ಬಿದ್ದರೆ ಒಂಬತ್ತನೇ ಫ್ರೇಮ್ 19, ಒಟ್ಟು 154. ಹತ್ತರಲ್ಲಿ ಸ್ಪೇರ್ ಮಾಡಿ ಮೇಲೆ ಸ್ಟ್ರೈಕ್ ಹೊಡೆದರೂ 20, ಕೊನೆಗೆ 174. ಸಾಲದು. ಆದ್ದರಿಂದ ಮೊದಲ ಎಸೆತ ಸ್ಟ್ರೈಕ್ ಆಗಲೇಬೇಕು. ಆಗ ಒಂಬತ್ತನೆಯದು 20, ಒಟ್ಟು 155. ಇನ್ನು ಹತ್ತನೇ ಫ್ರೇಮಿನಲ್ಲಿ 26 ಬೇಕು. ಸ್ಟ್ರೈಕಿನ 10 ಕಳೆದರೆ 16. ಸ್ಪೇರ್ ಮಾಡಿದರೆ ಹತ್ತೇ ಸಿಗುವುದು, ಆದ್ದರಿಂದ ಎರಡನೆಯದೂ ಸ್ಟ್ರೈಕ್, ಮೂರನೆಯದಕ್ಕೆ ಕನಿಷ್ಠ 6. ಎರಡು ಸ್ಟ್ರೈಕ್ ಬಿದ್ದ ಮೇಲೆ ಮೂರನೇ ಚೆಂಡಿಗೆ ಸಾಹಸ ಮಾಡುವ ಅಗತ್ಯವಿಲ್ಲ, ಹೆಡ್‌ಪಿನ್ನಿನ ಕಡೆ ನೇರವಾಗಿ ಬಿಟ್ಟರೆ ಆಯಿತು.

ಲೀಗ್ ಆಡುವವರಿಗೆ: ಸರಾಸರಿ, ಹ್ಯಾಂಡಿಕ್ಯಾಪ್

ಸರಾಸರಿ ಎಂದರೆ ಒಟ್ಟು ಪಿನ್ ಅಂಕವನ್ನು ಆಟಗಳ ಸಂಖ್ಯೆಯಿಂದ ಭಾಗಿಸಿ ದಶಾಂಶ ಬಿಡುವುದು. ಮೂರು ಆಟಕ್ಕೆ 446 ಆದರೆ ಸರಾಸರಿ 148, 149 ಅಲ್ಲ. ಸರಾಸರಿ ಕಡಿಮೆ ಇರುವವರಿಗೆ ಪ್ರತಿ ಆಟಕ್ಕೂ ಸೇರಿಸಿ ಕೊಡುವ ಅಂಕವೇ ಹ್ಯಾಂಡಿಕ್ಯಾಪ್. ಅದಕ್ಕೆ ಲೀಗ್ ಒಂದು ಮೂಲ ಅಂಕ ಮತ್ತು ಒಂದು ಶೇಕಡಾ ಗೊತ್ತುಮಾಡುತ್ತದೆ. 200ರ ಮೂಲ, ಶೇ. 90 ಎಂದುಕೊಳ್ಳಿ. ಸರಾಸರಿ 143 ಇರುವವರಿಗೆ 200ರಿಂದ 143 ಕಳೆದು ಉಳಿದ 57ರ ಶೇ. 90, ಅಂದರೆ 51.3, ದಶಾಂಶ ಬಿಟ್ಟು 51. ಸರಾಸರಿ 185 ಇರುವವರಿಗೆ 13. ಮೇಲೆ ಬರೆದ 164ರ ಆಟ ಮೊದಲನೆಯವರದಾದರೆ 215 ಆಗುತ್ತದೆ. ಎರಡನೆಯವರು 198 ಆಡಿದರೂ 211. ಗೆದ್ದದ್ದು 164 ಆಡಿದವರೇ. ಸೇರುವ ಮೊದಲು ಆ ಎರಡು ಸಂಖ್ಯೆಗಳನ್ನು ಕೇಳಿಕೊಳ್ಳಿ, ಲೀಗಿನಿಂದ ಲೀಗಿಗೆ ಬದಲಾಗುತ್ತವೆ.

ಐವರ ತಂಡ ಸೇರಿ ಒಂದೇ ಆಟ ಆಡುವ ಬೇಕರ್ ಪದ್ಧತಿಯೂ ಇದೆ. ಮೊದಲನೆಯವರು 1 ಮತ್ತು 6ನೇ ಫ್ರೇಮ್, ಎರಡನೆಯವರು 2 ಮತ್ತು 7, ಹೀಗೆ ಸಾಗಿ ಐದನೆಯವರಿಗೆ 5 ಮತ್ತು 10. ಲೆಕ್ಕ ಒಬ್ಬರೇ ಆಡಿದ ಹಾಗೆಯೇ. ನಿಮ್ಮ ಸ್ಟ್ರೈಕಿನ ಬಾಕಿ ತೀರಿಸುವುದು ಮುಂದಿನವರ ಕೈಯಲ್ಲಿ.

ಬಾಕಿಯೇ ಇಲ್ಲದ ಪದ್ಧತಿ

ಅಂತರರಾಷ್ಟ್ರೀಯ ಮಟ್ಟದ ಕೆಲವು ಸ್ಪರ್ಧೆಗಳಲ್ಲಿ ಬೇರೊಂದು ಲೆಕ್ಕ ಬಳಸಿದ್ದಾರೆ. ಅಲ್ಲಿ ಸ್ಟ್ರೈಕ್ ಎಂದರೆ ತಕ್ಷಣ 30. ಸ್ಪೇರ್ ಎಂದರೆ 10, ಜೊತೆಗೆ ಅದೇ ಫ್ರೇಮಿನ ಮೊದಲ ಎಸೆತದ ಪಿನ್. ಓಪನ್ ಎಂದರೆ ಬಿದ್ದಷ್ಟು. ಹತ್ತನೇ ಫ್ರೇಮಿಗೆ ಹೆಚ್ಚುವರಿ ಎಸೆತವಿಲ್ಲ. ಹತ್ತು ಸ್ಟ್ರೈಕಿಗೇ 300. ನೋಡುವವರಿಗೆ ಯಾರು ಮುಂದಿದ್ದಾರೆ ಎಂಬುದು ಪ್ರತಿ ಫ್ರೇಮಿಗೂ ಗೊತ್ತಾಗಲಿ ಎಂಬ ಉದ್ದೇಶ.

ನಮ್ಮ ಆಟವನ್ನೇ ಇದರಲ್ಲಿ ಬರೆದರೆ 9, 18, 30, 30, 9, 17, 10, 30, 9, 19. ಒಟ್ಟು 181. ಹಳೆಯ ಲೆಕ್ಕದಲ್ಲಿ ಅದು 164. ಏಳನೇ ಫ್ರೇಮ್ ನೋಡಿ: ಗಟರ್ ಆದ ಮೇಲೆ ಹತ್ತೂ ಬೀಳಿಸಿದ್ದಕ್ಕೆ ಇಲ್ಲಿ ಬರೀ 10, ಅಲ್ಲಿ 20 ಸಿಕ್ಕಿತ್ತು. ಎಂಟನೆಯದರ ಒಂಟಿ ಸ್ಟ್ರೈಕಿಗೆ ಇಲ್ಲಿ 30, ಅಲ್ಲಿ 19. ಚದುರಿದ ಸ್ಟ್ರೈಕ್ ಹೊಡೆಯುವವರಿಗೆ ಇದು ಅನುಕೂಲ. ಸಾಲುಸಾಲಾಗಿ ಹೊಡೆಯುವವರಿಗೆ ಸಿಗುತ್ತಿದ್ದ ವಿಶೇಷ ಲಾಭ ಇಲ್ಲಿ ಇಲ್ಲ. ಹಳಬರಲ್ಲಿ ಹಲವರಿಗೆ ಇದು ಹಿಡಿಸದಿರಲು ಅದೇ ಕಾರಣ. ಮಾಲಿನ ಲೇನುಗಳಲ್ಲಿ, ಸಾಮಾನ್ಯ ಲೀಗುಗಳಲ್ಲಿ ನಿಮಗೆ ಸಿಗುವುದು ಹಳೆಯ ಲೆಕ್ಕವೇ. ಸ್ಪರ್ಧೆಗೆ ಹೆಸರು ಕೊಡುವಾಗ ಮಾತ್ರ ಯಾವ ಪದ್ಧತಿ ಎಂದು ನಿಯಮಪತ್ರದಲ್ಲಿ ನೋಡಿಕೊಳ್ಳಿ.